ಕೊನೆಯ ಕೊಪ್ಪರಿಗೆಯ ನಾಲ್ಕು ಡಬ್ಬ: ಸಾಗರ ಸೀಮೆಯ ಆಲೆಮನೆಯೊಂದರ ಪ್ರಕರಣ ಅಧ್ಯಯನ

ಏಪ್ರಿಲ್ ಕೊನೆಯ ವಾರ, ಮನೆಗೆ ಬಂದ ನೆಂಟರಿಗೆ ತೆಳ್ಳೇವಿನ ಜೊತೆ ಬಡಿಸಲೆಂದು ಉಗ್ರಾಣದಲ್ಲಿದ್ದ ಜೋನಿ ಬೆಲ್ಲದ, ಅಂದರೆ ಅಚ್ಚಿಗೆ ಹೊಯ್ಯದೆ ದ್ರವವಾಗಿಯೇ ಇಡುವ ಬೆಲ್ಲದ, ಡಬ್ಬವೊಂದರ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿದಾಗ, ಅದು ಎಂದಿನಂತೆ ಅಂಟಿಕೊಂಡು ಸತಾಯಿಸದೆ, ಸುಂಯ್ ಎಂಬ ಸದ್ದಿನೊಂದಿಗೆ ತಾನಾಗಿಯೇ ಮೇಲೆದ್ದಿತು. ಒಳಗೆ ಬೆಲ್ಲದ ಮೇಲೆ ಎರಡು ಬೆರಳು ದಪ್ಪ ಬಿಳಿಚು ನೊರೆ ಕಟ್ಟಿತ್ತು. ಹುಳಿ ಹೆಂಡದ ವಾಸನೆ ಉಗ್ರಾಣವನ್ನೆಲ್ಲ ಹಬ್ಬಿತು. ಪಕ್ಕದ ಇನ್ನೂ ಮೂರು ಡಬ್ಬಗಳ ಮುಚ್ಚಳಗಳು ಆಗಲೇ ಉಬ್ಬಿ ನಿಂತಿದ್ದವು. ಒಂದರ ಅಂಚಿನಿಂದ ಬೆಲ್ಲ ಒಸರಿ, ಇರುವೆಗಳ ಸಾಲು ಗೋಡೆಯ ಬುಡದವರೆಗೆ ಹರಿದಿತ್ತು.

ಆ ಸಲ ನಮ್ಮ ಆಲೆಮನೆ ಮಾರ್ಚ್ ಮೊದಲ ವಾರದಲ್ಲಿ ಮೂರು ದಿನ ನಡೆದಿತ್ತು. ನಮ್ಮ ಕಡೆ ಈಗ ಹೆಚ್ಚಿನವರು ಎಂಜಿನ್ನಿನ ಗಾಣಕ್ಕೆ ಹೋಗಿದ್ದಾರೆ. ನಮ್ಮಲ್ಲಿ ಕಬ್ಬು ಇರುವುದೇ ನಾಲ್ಕೈದು ಗುಂಟೆಯಾದ್ದರಿಂದ, ಬಾಡಿಗೆಗೆ ಒಂದು ಜೋಡಿ ಕೋಣ ತರಿಸಿ ಅಜ್ಜನ ಕಾಲದ ಗಾಣವನ್ನೇ ತಿರುಗಿಸುವ ರೂಢಿ ಉಳಿದುಕೊಂಡಿದೆ. ದಿನಕ್ಕೆ ಒಂದು ಕೊಪ್ಪರಿಗೆ, ಅಂದರೆ ಸುಮಾರು 300 ಲೀಟರ್ ಕಬ್ಬಿನ ಹಾಲು. ಅದು ಕುದ್ದು ಹದಕ್ಕೆ ಬಂದಾಗ ಸಿಗುವುದು 75 ಕೆಜಿಯ ಆಸುಪಾಸು ಜೋನಿ, ನಾಲ್ಕು ಎಣ್ಣೆ ಡಬ್ಬ ತುಂಬಿ ಸ್ವಲ್ಪ ಮಿಗುವಷ್ಟು. ಹೀಗೆ ಒಟ್ಟು ಹನ್ನೆರಡು ಡಬ್ಬ. ಅವುಗಳಲ್ಲಿ ಮೊದಲೆರಡು ದಿನದ ಎಂಟೂ ನೆಟ್ಟಗಿದ್ದವು, ಮೂರನೆಯ ದಿನದ ನಾಲ್ಕೂ ಕೆಟ್ಟಿದ್ದವು. ಒಂದೇ ಗದ್ದೆಯ ಕಬ್ಬು, ಒಂದೇ ಕೊಪ್ಪರಿಗೆ, ಒಂದೇ ಒಲೆ, ಒಂದೇ ಅಂಗಡಿಯಿಂದ ತಂದು ತೊಳೆದು ಒಣಗಿಸಿದ ಡಬ್ಬಗಳು. ಹಾಗಿದ್ದ ಮೇಲೆ ಮೂರನೆಯ ದಿನ ಬೇರೆಯಾದದ್ದು ಏನು ಎಂಬುದನ್ನು ಹುಡುಕುತ್ತಾ ಹೋದದ್ದರ ವರದಿ ಇದು.

ಮೊದಲ ಅನುಮಾನಗಳು

ಮನೆಯಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಕಬ್ಬಿನ ಹಾಲು ತಿಳಿಯಾಗಲೆಂದು ಹಾಕುವ ಸುಣ್ಣ ಕಡಿಮೆಯಾಯಿತು ಎಂದವರಿದ್ದರು, ಕೊಳೆ ಸರಿಯಾಗಿ ತೆಗೆಯಲಿಲ್ಲ ಎಂದವರಿದ್ದರು. ಹಾಲು ಕಾಯುವಾಗ ಯಾರದೋ ಕಣ್ಣು ಬಿತ್ತೆಂದು ಅತ್ತೆಯವರ ತೀರ್ಮಾನವಾಗಿತ್ತು. ಎಲ್ಲರ ಬೆರಳೂ ಹೆಚ್ಚಾಗಿ ತೋರುತ್ತಿದ್ದದ್ದು ಮಾತ್ರ ನನ್ನ ತಂಗಿಯ ಮಗನ ಕಡೆಗೆ, ಅವನು ಶಿವಮೊಗ್ಗದಿಂದ ತಂದಿದ್ದ ಥರ್ಮಾಮೀಟರಿನ ಕಡೆಗೆ. ಏಕೆಂದರೆ ಆ ರಾತ್ರಿ ಪಾಕ ನೋಡಿ ಕೊಪ್ಪರಿಗೆ ಇಳಿಸಬೇಕಾದ ಹಿರಿಯರು, ಊರವರೆಲ್ಲ ಅಣ್ಣಯ್ಯ ಎಂದೇ ಕರೆಯುವವರು, ಅರ್ಧಕ್ಕೇ ಒಲೆಯ ಬಳಿ ಕುಸಿದಿದ್ದರು. ಹದ ನಿರ್ಧರಿಸಿದ್ದು ಹುಡುಗನ ಯಂತ್ರವೇ.

ಈ ಅನುಮಾನವನ್ನು ಮೊದಲು ಪರಿಶೀಲಿಸಬೇಕಾಯಿತು. ಸಕ್ಕರೆಯ ದ್ರಾವಣ ಗಟ್ಟಿಯಾದಂತೆ ಅದರ ಕುದಿಬಿಂದು ಏರುತ್ತದೆ. ಪಾಕದ ಹದವನ್ನು ಡಿಗ್ರಿಗಳಲ್ಲಿ ಹೇಳಲು ಸಾಧ್ಯವಾಗುವುದೇ ಇದರಿಂದ. ಜೋನಿಯನ್ನು 105–106 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಬೇಕು, ಅಚ್ಚಿನ ಬೆಲ್ಲವಾದರೆ 118 ಡಿಗ್ರಿಯ ಹತ್ತಿರ ಹೋಗಬೇಕು ಎಂದು ಅವನು ಓದಿಕೊಂಡಿದ್ದ. ಪರೀಕ್ಷೆಗೆಂದು ಬರೀ ನೀರನ್ನು ಕುದಿಸಿ ಅದ್ದಿ ನೋಡಿದಾಗ ಥರ್ಮಾಮೀಟರು 98 ತೋರಿಸಿತ್ತು. ಯಂತ್ರ ಎರಡು ಡಿಗ್ರಿ ಕಡಿಮೆ ಹೇಳುತ್ತಿದೆ ಎಂದುಕೊಂಡ ಹುಡುಗ, 104 ಬಂದಾಗಲೇ 106 ಎಂದು ಲೆಕ್ಕ ಹಿಡಿದು ಕೊಪ್ಪರಿಗೆ ಇಳಿಸಲು ಹೇಳಿದ್ದ.

ಯಂತ್ರದಲ್ಲಿ ದೋಷವಿರಲಿಲ್ಲ. ಸಮುದ್ರಮಟ್ಟದಿಂದ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಕೆಳಗಿಳಿಯುತ್ತದೆ. ಸಾಗರದ ಸುತ್ತಿನ ನೆಲ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯಬೇಕಾದದ್ದೇ 98ರಲ್ಲಿ. ಹದವನ್ನು ತೀರ್ಮಾನಿಸುವುದು ನೀರಿನ ಕುದಿಬಿಂದುವಿಗಿಂತ ಪಾಕ ಎಷ್ಟು ಡಿಗ್ರಿ ಮೇಲಿದೆ ಎಂಬ ಅಂತರವಾದ್ದರಿಂದ, ಕರಾವಳಿಯ 106ಕ್ಕೆ ನಮ್ಮೂರಿನ 104ನ್ನು ಸರಿದೂಗಿಸಬೇಕು. ತಪ್ಪು ಕಾರಣ ಹಿಡಿದು ಹುಡುಗ ಸರಿಯಾದ ಸಂಖ್ಯೆಗೇ ಬಂದಿದ್ದ. ಅವನು ಯಂತ್ರವನ್ನು ನಂಬಿ 106ರವರೆಗೆ ಕಾದಿದ್ದರೆ ಬೆಲ್ಲ ಇನ್ನೂ ಗಟ್ಟಿಯಾಗಿ, ತಳದಲ್ಲಿ ಹರಳುಗಟ್ಟಬಹುದಿತ್ತೇ ಹೊರತು ಹುಳಿಯಲು ಅದು ಕಾರಣವಾಗುತ್ತಿರಲಿಲ್ಲ.

ಅವನನ್ನು ಪೂರ್ತಿ ದೋಷಮುಕ್ತಗೊಳಿಸಿದ್ದು ಒಂದು ಚೀನಿ ಭರಣಿ. ಆ ರಾತ್ರಿ ನಾಲ್ಕು ಡಬ್ಬ ತುಂಬಿದ ಮೇಲೆ ಕೊಪ್ಪರಿಗೆಯ ತಳದಲ್ಲಿ ನಾಲ್ಕೈದು ಕೆಜಿ ಉಳಿದಿತ್ತು. ಪಾತ್ರೆ ಹುಡುಕುವ ತಾಳ್ಮೆ ಯಾರಿಗೂ ಇರದಿದ್ದರಿಂದ ಅದರ ಮೇಲೊಂದು ಪಂಚೆ ಹೊದಿಸಿ ಬಿಟ್ಟಿದ್ದೆವು. ಮರುದಿನ ಬೆಳಿಗ್ಗೆ ಅತ್ತಿಗೆ ಅದನ್ನು ಕೆರೆದು ಭರಣಿಗೆ ತುಂಬಿ, ಮುಚ್ಚಿ, ಡಬ್ಬಗಳ ಪಕ್ಕದಲ್ಲೇ ಇಟ್ಟಿದ್ದರು. ಅದೇ ಹಾಲು, ಅದೇ ಕುದಿ, ಅದೇ ಹದ, ಅದೇ ಉಗ್ರಾಣ. ಏಪ್ರಿಲ್ ಕೊನೆಯಲ್ಲಿ ಭರಣಿಯ ಬೆಲ್ಲ ಜೇನಿನಂತೆ ಹೊಳೆಯುತ್ತಿತ್ತು, ಹುಳಿಯ ಸುಳಿವೂ ಇರಲಿಲ್ಲ. ಅಂದ ಮೇಲೆ ದೋಷ ಕಬ್ಬಿನಲ್ಲಾಗಲಿ ಸುಣ್ಣದಲ್ಲಾಗಲಿ ಪಾಕದಲ್ಲಾಗಲಿ ಇರಲು ಸಾಧ್ಯವಿಲ್ಲ. ಕೊಪ್ಪರಿಗೆ ಒಲೆಯಿಂದ ಇಳಿದ ಮೇಲೆ ನಡೆದ ಯಾವುದೋ ಒಂದರಲ್ಲಿ ಇರಬೇಕು.

ಮುಚ್ಚಳದ ಒಳಬದಿ

ಕೆಟ್ಟ ಡಬ್ಬವನ್ನು ಅಂಗಳಕ್ಕೆ ತಂದು ಕಲಕದೆ ನೋಡಿದೆವು. ನೊರೆಯನ್ನು ಬದಿಗೆ ಸರಿಸಿದಾಗ ಮೇಲಿನ ಪದರ ತೆಳ್ಳಗೆ, ನೀರುನೀರಾಗಿ ಇತ್ತು. ಸೌಟು ಅದನ್ನು ದಾಟಿ ಕೆಳಗಿಳಿದ ಕೂಡಲೇ ಕೈಗೆ ಬೇರೆಯೇ ಬಿಗಿ ಸಿಕ್ಕಿತು. ಜೇನು ಸಾಕುವ ಪಕ್ಕದ ಮನೆಯವರಲ್ಲಿ ಜೇನಿನ ಗಟ್ಟಿತನ ಅಳೆಯುವ ಒಂದು ಸಣ್ಣ ದುರ್ಬೀನಿನಂಥ ಮಾಪಕವಿದೆ. ಬ್ರಿಕ್ಸ್ ಎಂಬ ಅಳತೆಯಲ್ಲಿ, ಅಂದರೆ ನೂರು ಭಾಗ ದ್ರಾವಣದಲ್ಲಿ ಎಷ್ಟು ಭಾಗ ಸಕ್ಕರೆ ಎಂಬ ಲೆಕ್ಕದಲ್ಲಿ, ಅದು 58ರಿಂದ 90ರವರೆಗೆ ತೋರಿಸುತ್ತದೆ. ಡಬ್ಬದ ತಳದ ಬೆಲ್ಲ 74 ತೋರಿಸಿತು. ಮೇಲಿನ ಪದರದ ಹನಿಯನ್ನು ಗಾಜಿನ ಮೇಲಿಟ್ಟಾಗ ಗೆರೆ 58ಕ್ಕಿಂತ ಕೆಳಗೆ ಜಾರಿ ಮಾಪಕದಿಂದಲೇ ಹೊರಗೆ ಹೋಯಿತು. ಒಂದೇ ಡಬ್ಬದಲ್ಲಿ ಎರಡು ಬೆಲ್ಲ ಇದ್ದವು.

ಆ ನೀರು ಎಲ್ಲಿಂದ ಬಂತು ಎಂಬುದಕ್ಕೆ ಸಾಕ್ಷಿ ಮುಚ್ಚಳವೇ. ಅದನ್ನು ಮಗುಚಿ ಹಿಡಿದಾಗ ಒಳಬದಿಯ ತಗಡಿನ ಮೇಲೆ ಕಾಸಗಲದ ದುಂಡು ಕಲೆಗಳು ಒತ್ತೊತ್ತಾಗಿ ಮೂಡಿದ್ದು ಕಂಡಿತು. ಪ್ರತಿ ಕಲೆಯ ಸುತ್ತ ತುಕ್ಕಿನ ತೆಳು ಉಂಗುರ. ಹನಿಗಳು ಬಹಳ ಹೊತ್ತು ನಿಂತು, ತೊಟ್ಟಿಕ್ಕಿ, ಮತ್ತೆ ಕೂಡಿ, ಮತ್ತೆ ತೊಟ್ಟಿಕ್ಕಿದ ಗುರುತು ಅದು.

ಆ ರಾತ್ರಿ ನಾವು ಮಾಡಿದ್ದು ಇಷ್ಟು: ಒಲೆಯಿಂದ ಇಳಿಸಿದ ಬೆಲ್ಲವನ್ನು ಮರಿಗೆಗೆ, ಅಂದರೆ ಅಗಲ ಬಾಯಿಯ ಮರದ ತೊಟ್ಟಿಗೆ, ಸುರಿದು, ಮರದ ಹುಟ್ಟಿನಿಂದ ತಿರುವುತ್ತಾ ಬೆಳಗಿನವರೆಗೆ ಆರಲು ಬಿಡುವ ವಾಡಿಕೆಯನ್ನು ಬಿಟ್ಟು, ಕುದಿ ನಿಂತ ಅರ್ಧ ಗಂಟೆಯೊಳಗೆ ಸೌಟಿನಿಂದ ನೇರವಾಗಿ ಡಬ್ಬಗಳಿಗೆ ತುಂಬಿ, ಇರುವೆ ಬಾರದಿರಲೆಂದು ಮುಚ್ಚಳ ಒತ್ತಿ, ನಾಲ್ಕನ್ನೂ ಉಗ್ರಾಣದ ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ಇಟ್ಟು, ಮೇಲೆ ಗೋಣಿಚೀಲ ಹೊದಿಸಿದ್ದೆವು. ಡಬ್ಬದೊಳಗಿನ ಬೆಲ್ಲದ ಶಾಖ ತೊಂಬತ್ತರ ಮೇಲಿತ್ತು. ಮುಚ್ಚಳ ಬೇಗ ಆರಿತು. ಬಿಸಿ ಬೆಲ್ಲದಿಂದ ಎದ್ದ ಹಬೆ ತಣ್ಣನೆಯ ತಗಡಿಗೆ ತಾಗಿ ನೀರಾಗಿ, ಮತ್ತೆ ಬೆಲ್ಲದ ಮೇಲೆ ಬೀಳುವ ಕೆಲಸ ಬೆಲ್ಲ ತಣಿಯುವವರೆಗೂ, ಅಂದರೆ ಹಲವು ಗಂಟೆ, ನಡೆದಿದೆ. ಇಡ್ಲಿ ಬೇಯಿಸುವಾಗ ಮುಚ್ಚಳದ ನೀರು ತೊಟ್ಟಿಕ್ಕದಂತೆ ಬಟ್ಟೆ ಹಾಸುವ ಹೆಂಗಸರಿಗೆ ಇದರಲ್ಲಿ ಹೊಸತೇನೂ ಇಲ್ಲ. ಆ ಹೊತ್ತಿನಲ್ಲಿ ಅವರನ್ನು ಯಾರೂ ಕೇಳಲಿಲ್ಲ. ಬಿದ್ದ ನೀರು ಬೆಲ್ಲದೊಡನೆ ಬೆರೆಯಲೂ ಇಲ್ಲ. ಜೋನಿಯ ಒಂದು ಲೀಟರು 1.37 ಕೆಜಿಯ ಹತ್ತಿರ ತೂಗುತ್ತದೆ, ನೀರು ಒಂದೇ ಕೆಜಿ. ಹಗುರವಾದದ್ದು ಮೇಲೆ ತೇಲುತ್ತದೆ, ಮಂದವಾದ ಬೆಲ್ಲದೊಳಗೆ ಇಳಿಯಲು ಅದಕ್ಕೆ ವಾರಗಳೇ ಬೇಕು.

ಜೋನಿ ಕೆಡದೆ ಉಳಿಯುವುದು ಅದರಲ್ಲಿ ನೀರಿಲ್ಲ ಎಂಬ ಕಾರಣಕ್ಕಲ್ಲ, ಕಾಲುಭಾಗ ನೀರು ಇದ್ದೇ ಇದೆ. ಆದರೆ ಆ ನೀರನ್ನು ಸಕ್ಕರೆ ಹಿಡಿದುಕೊಂಡಿರುವುದರಿಂದ ಸೂಕ್ಷ್ಮಜೀವಿಗಳ ಪಾಲಿಗೆ ಅದು ಸಿಗುವುದಿಲ್ಲ. ಬೆಲ್ಲಕ್ಕೆ ಬಿದ್ದ ಜೀವಕೋಶದೊಳಗಿನ ನೀರೇ ಹೊರಕ್ಕೆ ಸೆಳೆಯಲ್ಪಡುತ್ತದೆ. ಹೀಗೆ ಜೀವಿಗಳಿಗೆ ದಕ್ಕುವ ನೀರಿನ ಪ್ರಮಾಣಕ್ಕೆ ಶುದ್ಧ ನೀರನ್ನು 1 ಎಂದು ಹಿಡಿದ ಒಂದು ಅಳತೆಯಿದೆ. ಆಹಾರ ಕೆಡಿಸುವ ಬಹುಪಾಲು ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು, ಸಾಮಾನ್ಯ ಯೀಸ್ಟುಗಳು 0.88ಕ್ಕಿಂತ ಕೆಳಗೆ. ಸಕ್ಕರೆಯನ್ನು ಸಹಿಸುವ ಕೆಲವು ಯೀಸ್ಟುಗಳು ಮಾತ್ರ 0.62ರವರೆಗೂ ಜಗ್ಗುವುದಿಲ್ಲ, ಆದರೆ ಅಲ್ಲಿ ಅವುಗಳ ಬೆಳವಣಿಗೆ ತೀರಾ ನಿಧಾನ. ಹದವಾದ ಜೋನಿ ಹಾಗಾಗಿ ಪೂರ್ತಿ ನಿರ್ಭಯವಾದ ಪದಾರ್ಥವೇನಲ್ಲ. ಅದು ಗೆರೆಯ ಮೇಲೆ ನಿಂತಿರುತ್ತದೆ. ಮೇಲಿನ ಒಂದು ಬೆರಳಿನಷ್ಟು ಪದರ ನೀರಾದರೆ ಯೀಸ್ಟಿಗೆ ಬಾಗಿಲು ತೆರೆದಂತೆ. ಅದು ಸಕ್ಕರೆಯನ್ನು ಒಡೆದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಹತ್ತು ಗ್ರಾಂ ಸಕ್ಕರೆ ಹುಳಿತರೆ ಸಾಕು, ಎರಡೂವರೆ ಲೀಟರಿಗೂ ಹೆಚ್ಚು ಅನಿಲ ಹುಟ್ಟುತ್ತದೆ. ನಾಲ್ಕು ಬೆರಳು ಜಾಗ ಖಾಲಿಯಿದ್ದ ಡಬ್ಬದ ಮುಚ್ಚಳ ಉಬ್ಬಲು ಅಷ್ಟು ಧಾರಾಳ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕಾದದ್ದೇ. ಹಣ್ಣಿನ ರಸ, ಶರಬತ್ತುಗಳನ್ನು ಬಿಸಿಯಾಗಿಯೇ ಬಾಟಲಿಗೆ ತುಂಬಿ ಮುಚ್ಚುವುದು ಕಾರ್ಖಾನೆಗಳಲ್ಲಿ ಒಪ್ಪಿತ ಕ್ರಮ; ಆ ಬಿಸಿಗೆ ಯೀಸ್ಟು ಸಾಯುತ್ತದೆ. ನಮ್ಮ ಡಬ್ಬದಲ್ಲಿ ಏಕೆ ಉಳಿಯಿತು? ಉಳಿಯಲಿಲ್ಲ, ಆಮೇಲೆ ಒಳಬಂತು ಎಂಬುದು ನನ್ನ ತೀರ್ಮಾನ. ಕಾರ್ಖಾನೆಯ ಬಾಟಲಿಯನ್ನು ಅಂಚಿನವರೆಗೆ ತುಂಬಿ, ಗಾಳಿಯಾಡದಂತೆ ಬಿಗಿದು, ಬಿಸಿ ರಸ ಮುಚ್ಚಳಕ್ಕೂ ತಾಗುವಂತೆ ಒಮ್ಮೆ ಮಗುಚಿ, ಬಳಿಕ ಬೇಗನೆ ತಣಿಸುತ್ತಾರೆ. ಎಣ್ಣೆ ಡಬ್ಬದ ಒತ್ತುಮುಚ್ಚಳ ಇರುವೆಯನ್ನು ತಡೆದೀತು, ಗಾಳಿಯನ್ನು ತಡೆಯದು. ಒಳಗಿನ ಹಬೆ ತಣಿದು ಕುಗ್ಗಿದಂತೆ ಡಬ್ಬ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಂಡಿದೆ. ಅಡಿಕೆ ಗೋಟು, ಬಾಳೆಗೊನೆ, ಹಳೆಯ ಬೆಲ್ಲ ಎಲ್ಲವೂ ಇರುವ ಉಗ್ರಾಣದ ಗಾಳಿಯಲ್ಲಿ ಯೀಸ್ಟಿಗೆ ಕೊರತೆಯಿಲ್ಲ. ಅದು ಬಂದು ಕೂರಲು ಮೇಲೆ ಒದ್ದೆ ಹಾಸಿಗೆ ಸಿದ್ಧವಾಗಿತ್ತು.

ಬಿಸಿ ಒಳಗೇ ಉಳಿದದ್ದಕ್ಕೆ ಇನ್ನೊಂದು ಗುರುತೂ ಸಿಕ್ಕಿತು. ಡಬ್ಬದ ತಳದ ಬೆಲ್ಲ, ಅಂದರೆ ಹುಳಿಯದೆ ಉಳಿದ ಭಾಗ, ಭರಣಿಯದಕ್ಕಿಂತ ಸ್ಪಷ್ಟವಾಗಿ ಕಪ್ಪಾಗಿತ್ತು. ಭರಣಿಯದು ಜೇನುಬಣ್ಣ, ಡಬ್ಬದ್ದು ಕಾಫಿಯ ಬಣ್ಣ. ಸಕ್ಕರೆ ಮತ್ತು ಕಬ್ಬಿನ ಹಾಲಿನಲ್ಲಿರುವ ಅಮೈನೋ ಆಮ್ಲಗಳು ಬಿಸಿಯಲ್ಲಿ ಕೂಡಿ ಕಂದುಬಣ್ಣ ತಾಳುವ ಕ್ರಿಯೆ ಒಲೆಯಿಂದ ಇಳಿಸಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಬೆಲ್ಲ ತಣಿದಾಗಲೇ ಅದು ನಿಧಾನವಾಗುವುದು. ನಾಲ್ಕು ಡಬ್ಬ ಒತ್ತಿ ಇಟ್ಟು ಗೋಣಿ ಹೊದಿಸಿದ್ದರಿಂದ ಅವು ಮರುದಿನ ಮಧ್ಯಾಹ್ನವೂ ಬೆಚ್ಚಗಿದ್ದವು.

ಅಣ್ಣಯ್ಯ

ಮರಿಗೆಗೆ ಸುರಿಯುವ ವಾಡಿಕೆ ನಮಗೆಲ್ಲ ಗೊತ್ತಿತ್ತು. ಬಿಟ್ಟದ್ದು ಏಕೆಂದರೆ, ಆ ರಾತ್ರಿ ಬೆಲ್ಲಕ್ಕಿಂತ ದೊಡ್ಡ ಗಾಬರಿ ಒಂದು ನಡೆದು ಎಲ್ಲರೂ ಸುಸ್ತಾಗಿದ್ದೆವು.

ಅಣ್ಣಯ್ಯನವರಿಗೆ ಅರವತ್ತರ ಹತ್ತಿರದ ವಯಸ್ಸು. ಮೂರು ದಿನವೂ ಒಲೆಯ ಮುಂದೆ ಅವರದ್ದೇ ಕೆಲಸ. ರಾತ್ರಿ ಒಂಬತ್ತರ ಸುಮಾರಿಗೆ ಗಾಳಿ ಎದ್ದು ಬೂದಿ ಕೊಪ್ಪರಿಗೆಗೆ ಬೀಳತೊಡಗಿದಾಗ, ಚಪ್ಪರದ ಪಡುವಣ ಬದಿಗೆ ಟಾರ್ಪಾಲು ಬಿಗಿದೆವು. ಉಳಿದೆರಡು ಬದಿಗಳಲ್ಲಿ ಕಬ್ಬಿನ ಸೋಗೆಯ ತಡಿಕೆ ಮೊದಲೇ ಇತ್ತು. ಹತ್ತೂವರೆಗೆ ಅವರು ಕೊಳೆ ತೆಗೆಯುವ ಜಾಲರಿಯನ್ನು ಕೈಬಿಟ್ಟು, "ತಮಾ, ಕಾಲು ಹಿಡ್ಕಂಡದೆ, ಕಣ್ಣು ಕತ್ಲೆ ಬಂದಂಗೆ ಆಗ್ತದೆ" ಎಂದು ಅಲ್ಲೇ ಕುಳಿತರು. ಮೀನಖಂಡ ಕಲ್ಲಿನಂತೆ ಬಿಗಿದಿತ್ತು. ಮೈಯೆಲ್ಲ ಬೆವರು, ಚರ್ಮ ಬಿಳಿಚಿತ್ತು, ಒಮ್ಮೆ ವಾಂತಿಯಾಯಿತು. ಮಾತು ಮಾತ್ರ ಸ್ಪಷ್ಟವಾಗಿತ್ತು, ಯಾರು ಯಾರೆಂದು ಗುರುತಿಸುತ್ತಿದ್ದರು.

ಹೊರಗೆ ಚಳಿಯೆನಿಸುವಷ್ಟು ತಂಪಿದ್ದ ರಾತ್ರಿಯಲ್ಲಿ ಒಬ್ಬರು ಬಿಸಿಗೆ ಸೋತದ್ದು ಹೇಗೆ ಎಂದು ಆಮೇಲೆ ಹಲವರು ಕೇಳಿದರು. ಉತ್ತರ ಕೊಪ್ಪರಿಗೆಯ ಲೆಕ್ಕದಲ್ಲಿದೆ. 300 ಲೀಟರ್ ಹಾಲು, ತೂಕದಲ್ಲಿ 320 ಕೆಜಿ, ಅದರಲ್ಲಿ ಸಕ್ಕರೆ ನೂರಕ್ಕೆ 18ರಷ್ಟು. ಅದು 77 ಕೆಜಿ ಜೋನಿಯಾಗಬೇಕಾದರೆ 240 ಕೆಜಿಗೂ ಹೆಚ್ಚು ನೀರು ಆವಿಯಾಗಬೇಕು. ಕುದಿಯುತ್ತಿರುವ ಒಂದು ಕೆಜಿ ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಬೇಕು; ಕಾಯುವುದಕ್ಕೆ ಬೇಕಾದ ಶಾಖವನ್ನೂ ಸೇರಿಸಿದರೆ ಒಟ್ಟು 640 ಮೆಗಾಜೂಲ್. ಒಣ ಕಟ್ಟಿಗೆಯ ಒಂದು ಕೆಜಿಯಲ್ಲಿ 15 ಮೆಗಾಜೂಲ್ ಎಂದು ಹಿಡಿದರೆ 43 ಕೆಜಿ ಕಟ್ಟಿಗೆ ಸಾಕಾಗಬೇಕಿತ್ತು. ನಮ್ಮಲ್ಲಿ ಉರಿಯುವುದು ಎರಡು ಕ್ವಿಂಟಲ್‌ಗೂ ಮೇಲೆ. ಐದರಲ್ಲಿ ಒಂದು ಪಾಲು ಬೆಲ್ಲಕ್ಕೆ, ಉಳಿದ ನಾಲ್ಕು ಪಾಲು ಹೊಗೆಗೆ, ಒಲೆಯ ಮಣ್ಣಿಗೆ, ಒಲೆಬಾಯಿಯ ಎದುರು ನಿಂತವರ ಮೈಗೆ. ಬೆಲ್ಲಕ್ಕೆ ಹೋದ ಪಾಲು ಕೂಡ ಕಳೆದುಹೋಗಲಿಲ್ಲ, ಗಂಟೆಗೆ ಅರವತ್ತು ಕೆಜಿ ಹಬೆಯಾಗಿ ಚಪ್ಪರದೊಳಗೆ ಎದ್ದಿತು. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಈ ಅಡಗಿದ ಶಾಖಕ್ಕೆ ಗುಪ್ತೋಷ್ಣ ಎಂಬರ್ಥದ ಹೆಸರಿಟ್ಟರು. ನಮ್ಮ ಚಪ್ಪರದಲ್ಲಿ ಅದು ಅಷ್ಟೇನೂ ಗುಪ್ತವಾಗಿ ಉಳಿಯಲಿಲ್ಲ.

ಮನುಷ್ಯನ ಮೈ ತನ್ನನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಪಾಡಿಕೊಳ್ಳಲು ಇರುವ ದೊಡ್ಡ ಉಪಾಯ ಬೆವರು. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಬಿಟ್ಟು ಹೋಗುತ್ತದೆ. ಗಮನಿಸಬೇಕಾದದ್ದು, ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಉಪ್ಪನ್ನೂ ನೀರನ್ನೂ ಒಯ್ಯುತ್ತದೆ, ಬಿಸಿಯನ್ನು ಒಯ್ಯುವುದಿಲ್ಲ. ಟಾರ್ಪಾಲು ಬಿಗಿದ ಮೇಲೆ ಹಬೆ ಹೊರಹೋಗುವ ದಾರಿ ಮುಚ್ಚಿ, ಗಾಳಿ ತೇವದಿಂದ ತುಂಬಿ, ಅಣ್ಣಯ್ಯನವರ ಬೆವರು ಆರುವ ಬದಲು ಹರಿಯತೊಡಗಿತು. ನಾವು ಬೆಲ್ಲಕ್ಕೆ ಮುಚ್ಚಳ ಹಾಕುವ ಮೂರು ಗಂಟೆ ಮೊದಲೇ ಅವರಿಗೆ ಹಾಕಿದ್ದೆವು.

ಇನ್ನು ಉಪ್ಪಿನ ಮಾತು. ಮೂರು ದಿನವೂ ಅವರು ಕುಡಿದದ್ದು ನೀರು, ಚಹಾ ಮತ್ತು ಕೇಳಿದಷ್ಟು ಕಬ್ಬಿನ ಹಾಲು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುಡಿದರೆ ಬೇರೇನೂ ಬೇಡ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅದು ಈ ಸಂದರ್ಭದಲ್ಲಿ ತಪ್ಪು. ಅದರಲ್ಲಿ ಪೊಟ್ಯಾಸಿಯಂ ಇದೆ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಅತ್ಯಲ್ಪ. ಸಕ್ಕರೆ ಅಷ್ಟು ಸಾಂದ್ರವಾಗಿರುವುದರಿಂದ ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ನೀರು ರಕ್ತಕ್ಕೆ ಸೇರುವುದು ತಡವಾಗುತ್ತದೆ. ಹೋದ ಉಪ್ಪನ್ನು ತುಂಬದೆ ಬರೀ ನೀರು ಕುಡಿದವರಿಗೆ ಹೀಗೆ ಸ್ನಾಯು ಹಿಡಿಯುತ್ತದೆ ಎಂಬುದನ್ನು ಇಂಗ್ಲೆಂಡಿನ ಬಿಸಿ ಗಣಿಗಳ ಕಾರ್ಮಿಕರಲ್ಲಿ 1920ರ ದಶಕದಲ್ಲೇ ಗುರುತಿಸಿ, ಅವರಿಗೆ ಉಪ್ಪು ಬೆರೆಸಿದ ನೀರು ಕೊಡಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಓಆರ್‌ಎಸ್ ಅಳತೆಯಲ್ಲಿ ಲೀಟರಿಗೆ ಗ್ಲೂಕೋಸ್ ಬರೀ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಒಂದು ಲೀಟರ್ ಕಬ್ಬಿನ ಹಾಲಿನಲ್ಲಿರುವ ಸಕ್ಕರೆ ಅದರ ಹತ್ತು ಪಟ್ಟಿಗೂ ಮೀರಿದ್ದು.

ಅವರನ್ನು ಎತ್ತಿ ಅಂಗಳದ ಗಾಳಿಗೆ ತಂದು ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಿಸಿ, ಒದ್ದೆ ಪಂಚೆಯಿಂದ ಮೈ ಒರೆಸಿ, ಅಡಿಕೆ ಹಾಳೆಯಿಂದ ಬೀಸಿದೆವು. ವಾಂತಿ ನಿಂತ ಮೇಲೆ ಉಪ್ಪು ಹಾಕಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ, ಆಮೇಲೆ ನೀರು ಮಜ್ಜಿಗೆಯನ್ನು ಕೊಟ್ಟೆವು. ಮುಕ್ಕಾಲು ಗಂಟೆಯಲ್ಲಿ ಮೀನಖಂಡ ಸಡಿಲವಾಯಿತು. ಮರುದಿನ ವೈದ್ಯರಿಗೆ ತೋರಿಸಿದಾಗ ಅವರು ಇದನ್ನು ಶಾಖದ ಬಳಲಿಕೆ ಎಂದು ಹೆಸರಿಸಿ, ನಾವು ಅದೃಷ್ಟವಂತರೆಂದರು: ಮಾತು ತೊದಲಿದ್ದರೆ, ಮಂಪರು ಬಂದಿದ್ದರೆ, ಮೈಬಿಸಿ 40 ದಾಟಿದ್ದರೆ ಅದು ಶಾಖಾಘಾತ, ಆಗ ಕುಡಿಸಲು ಹೋಗದೆ, ಮೈಗೆ ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಬೇಕಿತ್ತು.

ಕೋಣಗಳು ತಡಮಾಡಿದ್ದು

ಮೊದಲೆರಡು ದಿನ ಕೊಪ್ಪರಿಗೆ ಇಳಿದದ್ದು ಮಧ್ಯಾಹ್ನ ಮೂರಕ್ಕೆ. ಮೂರನೆಯ ದಿನ ಅದು ನಡುರಾತ್ರಿಯಾಗಲು ಕಾರಣ ಗಾಣ. ನಸುಕಿನ ನಾಲ್ಕಕ್ಕೆ ಹೂಡಿ ಹತ್ತರೊಳಗೆ ಬಿಚ್ಚುವುದು ಕ್ರಮ. ಆ ದಿನ ಗಾಣದ ಒಂದು ಬೆಣೆ ಮುರಿದು, ಸರಿಮಾಡಿ ಹೂಡುವಾಗ ಒಂಬತ್ತೂವರೆ. ಮರುದಿನ ಬೆಳಿಗ್ಗೆ ಕೋಣಗಳನ್ನು ಬೇರೆ ಊರಿಗೆ ಕಳಿಸಲೇಬೇಕಿತ್ತಾದ್ದರಿಂದ ಸುಡುಬಿಸಿಲಿನಲ್ಲೂ ತಿರುಗಿಸಿದೆವು. ಆರು ಗಂಟೆಯ ಕೆಲಸ ಒಂಬತ್ತೂವರೆ ಗಂಟೆ ಹಿಡಿಯಿತು.

ಎಳೆಯುವ ಪ್ರಾಣಿಗಳ ಒಂದು ಜೋಡಿಯ ಶಕ್ತಿಯನ್ನು ಸಾಮಾನ್ಯವಾಗಿ ಒಂದು ಅಶ್ವಶಕ್ತಿಯ ಸುಮಾರಿಗೆ, ಅಂದರೆ 750 ವಾಟ್ ಎಂದು ಎಣಿಸುತ್ತಾರೆ. ಮಾಂಸಖಂಡ ತಾನು ಉರಿಸಿದ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗವನ್ನಷ್ಟೇ ಕೆಲಸವಾಗಿಸುತ್ತದೆ, ಮಿಕ್ಕಿದ್ದೆಲ್ಲ ಬಿಸಿ. ಗಾಣಕ್ಕೆ 750 ವಾಟ್ ಕೊಡುತ್ತಿರುವ ಜೋಡಿಯ ಮೈಯಲ್ಲಿ ಎರಡು ಸಾವಿರ ವಾಟಿಗೂ ಹೆಚ್ಚು ಶಾಖ ಹುಟ್ಟುತ್ತಿರುತ್ತದೆ, ಎರಡು ಇಸ್ತ್ರಿಪೆಟ್ಟಿಗೆಗಳು ಬಿಡುವಿಲ್ಲದೆ ಕಾದಂತೆ. ಅಷ್ಟನ್ನೂ ನೀರನ್ನು ಆರಿಸಿಯೇ ಕಳೆಯಬೇಕಾದರೆ ಗಂಟೆಗೆ ಮೂರು ಲೀಟರ್ ಬೇಕು. ಎತ್ತು ಬೆವರುತ್ತದೆ. ಕೋಣದ ಚರ್ಮದಲ್ಲಿ ಬೆವರುಗ್ರಂಥಿಗಳು ಎತ್ತಿಗಿಂತ ಬಹಳ ವಿರಳ, ಕೂದಲು ತೆಳುವು, ಬಣ್ಣ ಕಪ್ಪು. ಬಿಸಿಲನ್ನು ಹೀರುವುದರಲ್ಲಿ ಅದು ಮುಂದು, ಬಿಸಿಯನ್ನು ಬಿಡುವುದರಲ್ಲಿ ಹಿಂದು. ಅದಕ್ಕೇ ಅದು ಕೆಸರು ಹುಡುಕುವುದು. ಮೈಗೆ ಮೆತ್ತಿದ ಕೆಸರು ಆರುವಾಗ ಬೆವರಿನ ಕೆಲಸವನ್ನೇ ಮಾಡುತ್ತದೆ. ಕೋಣ ನೀರಿಗಿಳಿದರೆ ಏಳುವುದಿಲ್ಲ ಎಂದು ಬೈಯುವವರು ಒಮ್ಮೆ ಈ ಲೆಕ್ಕ ಹಾಕಬೇಕು.

ಹನ್ನೆರಡೂವರೆಗೆ ಎಡದ ಕೋಣ ಬಾಯಿ ತೆರೆದು ಜೊಲ್ಲು ಸುರಿಸುತ್ತಾ ನಿಂತುಬಿಟ್ಟಿತು. ಪಕ್ಕೆಯ ಏರಿಳಿತ ನಿಮಿಷಕ್ಕೆ ಅರವತ್ತರ ಹತ್ತಿರವಿತ್ತು. ಹೊಡೆದವರು ಯಾರೂ ಇಲ್ಲ, ಅಷ್ಟು ಹೇಳಬಲ್ಲೆ. ಆದರೆ ಬಿಚ್ಚಿ ಹಳ್ಳಕ್ಕೆ ಅಟ್ಟುವ ಬದಲು ಹದಿನೈದು ನಿಮಿಷ ನೆರಳಿಗೆ ಕಟ್ಟಿ ಮತ್ತೆ ಹೂಡಿದೆವು, ಹೀಗೆ ನಾಲ್ಕು ಸಲ. ನೆರಳಿನಲ್ಲಿ ಹೊಸ ಬಿಸಿ ಸೇರುವುದು ತಪ್ಪಿತೇ ಹೊರತು ಸೇರಿದ್ದ ಬಿಸಿ ಇಳಿಯಲಿಲ್ಲ. ಪ್ರತಿ ಸಲವೂ ಅವು ಹಿಂದಿನದಕ್ಕಿಂತ ಬೇಗ ನಿಂತವು.

ಗಾಣ ತಡವಾದದ್ದರಿಂದ ಬೆಳಿಗ್ಗೆ ಹಿಂಡಿದ ಹಾಲು ಡ್ರಮ್ಮಿನಲ್ಲಿ ಎಂಟೊಂಬತ್ತು ಗಂಟೆ ಬೆಚ್ಚಗೆ ಕೂತಿತು. ಕಬ್ಬಿನ ಹಾಲಿಗೆ ಹೊರಗಿನಿಂದ ಸೇರುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾಕ್ಕೆ ಇದು ಪ್ರಶಸ್ತ ಕಾಲ: ಹಾಲು ಹುಳಿಯಾಗಿ ಲೋಳೆ ಕಟ್ಟುತ್ತದೆ. ಹುಳಿ ಮತ್ತು ಬಿಸಿ ಸೇರಿದರೆ ಸಕ್ಕರೆ ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಜೋನಿ ಹರಳುಗಟ್ಟದಿರಲು ಇದು ಸ್ವಲ್ಪ ಬೇಕು ಕೂಡ. ಹೆಚ್ಚಾದರೆ ಬೆಲ್ಲದ ಬಣ್ಣ ಕೆಡುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುವುದೂ ಹೆಚ್ಚುತ್ತದೆ. ಕೆಲವರು ಇದನ್ನೇ ಮುಖ್ಯ ಕಾರಣ ಎನ್ನುತ್ತಾರೆ. ಭರಣಿಯ ಬೆಲ್ಲವೂ ಅದೇ ಹುಳಿ ಹಾಲಿನದಾಗಿದ್ದು ಚೆನ್ನಾಗಿಯೇ ಉಳಿದದ್ದರಿಂದ ನಾನು ಇದನ್ನು ಪಕ್ಕದ ಕಾರಣವೆಂದಷ್ಟೇ ಒಪ್ಪುತ್ತೇನೆ.

ಆಮೇಲೆ

ಕೆಟ್ಟ ಡಬ್ಬಗಳನ್ನು ಮತ್ತೆ ಕುದಿಸಿ ಉಳಿಸಿಕೊಳ್ಳಬಹುದೆಂಬ ಸಲಹೆ ಬಂತು. ಕುದಿಸಿದರೆ ಆಲ್ಕೋಹಾಲ್ ಹೋದೀತು, ಯೀಸ್ಟೂ ಸತ್ತೀತು, ಹುಳಿ ರುಚಿ ಹೋಗದು. ನಾಲ್ಕನ್ನೂ ಅಡಿಕೆ ತೋಟದ ಜೀವಾಮೃತದ, ಅಂದರೆ ಹುಳಿಸಿ ಮಾಡುವ ದ್ರವಗೊಬ್ಬರದ, ಪೀಪಾಯಿಗೆ ಸುರಿದೆವು. ಅಲ್ಲಿ ಹುಳಿಯುವುದೇ ಕೆಲಸ.

ಮುಂದಿನ ವರ್ಷ ಬದಲಾದದ್ದು ಕೆಲವೇ ಸಂಗತಿಗಳು. ಗಾಣದ ಬೆಣೆಗಳನ್ನು ಹಿಂದಿನ ದಿನವೇ ನೋಡಿಟ್ಟೆವು. ಹತ್ತೂವರೆಗೆ ಕೋಣಗಳನ್ನು ಬಿಚ್ಚಿ ಹಳ್ಳದ ಮಡುವಿಗೆ ಬಿಟ್ಟೆವು, ನಾಲ್ಕರವರೆಗೆ ಯಾರೂ ಕರೆಯಲಿಲ್ಲ. ಉಳಿದ ಹಾಲನ್ನು ಕಾಯಿಸುವುದು ಮರುದಿನಕ್ಕೆ ಎಂದು ಬಿಡದೆ, ಆದಷ್ಟಕ್ಕೇ ಒಲೆ ಹೊತ್ತಿಸಿದೆವು. ಟಾರ್ಪಾಲನ್ನು ಗಾಳಿಯ ಬದಿಗೆ ಸೊಂಟದೆತ್ತರಕ್ಕಷ್ಟೇ ಕಟ್ಟಿ, ಚಪ್ಪರದ ನೆತ್ತಿಯಲ್ಲಿ ಹಬೆಗೆ ಕಿಂಡಿ ಬಿಟ್ಟೆವು. ಒಲೆಯ ಪಕ್ಕದ ಕಂಬಕ್ಕೆ ಉಪ್ಪು ಹಾಕಿದ ಮಜ್ಜಿಗೆಯ ತಂಬಿಗೆ ತೂಗಿತು. ಅಣ್ಣಯ್ಯನವರು ಇನ್ನೊಬ್ಬರೊಡನೆ ಸರದಿಯಲ್ಲಿ ಅರ್ಧ ಗಂಟೆ ಒಳಗೆ, ಅರ್ಧ ಗಂಟೆ ಹೊರಗೆ ಕುಳಿತರು, ಹೊರಗೆ ಕುಳಿತಾಗ ಥರ್ಮಾಮೀಟರನ್ನು ಛೇಡಿಸುತ್ತಿದ್ದರು. 104 ಬಂತೆಂದು ಹುಡುಗ ಕೂಗುವ ಹೊತ್ತಿಗೆ ಅವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಜ್ಜಿ, ಇಳಿಸಲು ಸನ್ನೆ ಮಾಡಿಯಾಗಿರುತ್ತಿತ್ತು.

ಬೆಲ್ಲ ರಾತ್ರಿಯೆಲ್ಲ ಮರಿಗೆಯಲ್ಲಿ ಬಟ್ಟೆಯಡಿ ಆರಿತು. ಬೆಳಿಗ್ಗೆ ಡಬ್ಬ ತುಂಬಿ, ಒಂದು ಗಂಟೆ ಬಿಟ್ಟು, ಅತ್ತಿಗೆ ಮೊದಲ ಮುಚ್ಚಳವನ್ನು ಮತ್ತೆ ತೆಗೆದು ಒಳಬದಿಯಲ್ಲಿ ಬೆರಳಾಡಿಸಿ ನೋಡಿದರು. ತಗಡು ಒಣಗಿತ್ತು.